ಹಗುರ ಮಾಡಿದ ಕೋಲು

ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಪೂಲ್ ಆಟದವರ ಕೋಲುಗಳನ್ನು ರಿಪೇರಿ ಮಾಡುವವಳು ಆ ಊರಿನಲ್ಲಿ ಅವಳೊಬ್ಬಳೇ. ಹಾಗಾಗಿ ಎಲ್ಲರ ಬಾಯಲ್ಲೂ ಕೋಲಕ್ಕ. ಎಂಥ ಕೋಲಿನ ಡೊಂಕನ್ನೂ ಕಣ್ಣಳತೆಯಲ್ಲೇ ಹಿಡಿಯುತ್ತಿದ್ದಳು. ಒಡಹುಟ್ಟಿದ ತಮ್ಮನ ವಿಷಯದಲ್ಲಿ ಮಾತ್ರ ಆ ಕಣ್ಣಿಗೆ ಮಂಕು ಕವಿದಿತ್ತು.

ಗುರುವಾರ ಮಧ್ಯಾಹ್ನ ತಮ್ಮ ಹಳೆಯ ಕೋಲೊಂದನ್ನು ತಂದ. ಕ್ಲಬ್ಬಿನಲ್ಲಿ ಯಾರೋ ಕೊಟ್ಟಿದ್ದು, ತನಗೆ ವಿಪರೀತ ಭಾರ, ಆದಷ್ಟು ಹಗುರ ಮಾಡಿಕೊಡು ಎಂದ. ಹೊರಗಿನಿಂದ ಏನೂ ಗೊತ್ತಾಗಬಾರದು ಎಂದೂ ಸೇರಿಸಿದ. ಭಾನುವಾರ ಅವನ ಪಂದ್ಯವಿತ್ತು. ಚಂದ ಕಾಣಲಿ ಎಂಬ ಆಸೆ ಇರಬೇಕು ಅಂದುಕೊಂಡಳು.

ಕೋಲಿನ ಬುಡದ ರಬ್ಬರ್ ಬಿರಡೆ ಕಿತ್ತಾಗ ಒಳಗೆ ವರ್ಷಗಟ್ಟಲೆಯ ಬೆವರು, ಕೋಲಿಗೆ ಉಜ್ಜುವ ಚಾಕ್ ಪುಡಿ ಸೇರಿ ಕಪ್ಪು ಜಿಡ್ಡು ಕಟ್ಟಿತ್ತು. ಮುಗ್ಗಲು ವಾಸನೆ ಮೂಗಿಗೆ ಅಡರಿತು. ಇಂಥ ಕೋಲುಗಳಿಗೆ ತೂಕ ಕೊಡುವುದು ಒಳಗಿನ ಕಬ್ಬಿಣದ ಬೋಲ್ಟು. ಇದರಲ್ಲಿ ಒಂದರ ಹಿಂದೆ ಒಂದು, ಎರಡಿದ್ದವು. ಎರಡನ್ನೂ ಬಿಚ್ಚಿದಳು. ಇನ್ನೂ ಭಾರ ಎಂದ ತಮ್ಮ. ಹಿಡಿಯ ಒಳಮರವನ್ನು ಗೇಣುದ್ದ ಕೊರೆದು ತೆಗೆದು, ಹೊಸ ಸ್ಕ್ರೂ ಹಾಕಿ ಬಿರಡೆ ಬಿಗಿದು ಕೊಟ್ಟಳು.

ಭಾನುವಾರ ತಮ್ಮ ಕಪ್ ಗೆದ್ದ. ಅವಳು ಬೀದಿಗೆಲ್ಲ ಹೇಳಿಕೊಂಡು ಬಂದಳು.

ಸೋಮವಾರ ಬೆಳಿಗ್ಗೆ ಗಡಿಯಾರದವರು ಬಂದರು. ಗಡಿಯಾರ ರಿಪೇರಿ ಅವರ ಕಸುಬು; ಕೈ ನಡುಗಲು ಶುರುವಾದ ಮೇಲೆ ಅಂಗಡಿ ಮುಚ್ಚಿದ್ದರು. ಭಾನುವಾರ ತಮ್ಮನ ಎದುರು ಸೋತವರು ಅವರೇ. ಅವರು ಚೀಲದಿಂದ ಕೋಲು ತೆಗೆದರು. ಬುಡದಲ್ಲಿ ಗುರುವಾರ ಅವಳೇ ಹಾಕಿದ ಹೊಸ ಸ್ಕ್ರೂ ಮಿನುಗುತ್ತಿತ್ತು.

"ಇದನ್ನ ಯಾರಾದ್ರೂ ಆಡೋರಿಗೆ ಕೊಟ್ಬಿಡಮ್ಮ," ಎಂದರು. "ಕೈ ನಡುಗುತ್ತೆ ಅಂತ ಬೇರೆ ಊರಲ್ಲಿ ಎರಡು ಬೋಲ್ಟು ಹಾಕಿಸ್ಕೊಂಡಿದ್ದೆ. ಭಾರ ಇದ್ರೆ ಕೋಲು ಅಲ್ಲಾಡಲ್ಲ. ನಿನ್ನೆ ಕ್ಲಬ್ಬಿನ ಬೀರುವಿಂದ ತೆಗೆದ್ರೆ ಕಡ್ಡಿ ಹಿಡಿದ ಹಾಗಿತ್ತು. ಮುಂದೆ ಕೈ ಮರಗಟ್ಟಿ ತೂಕಾನೂ ಗೊತ್ತಾಗಲ್ಲ ಅಂತ ಡಾಕ್ಟರು ಹೇಳಿದ್ರು. ಇಷ್ಟು ಬೇಗ ಅಂದ್ಕೊಂಡಿರ್ಲಿಲ್ಲ. ಮನೇಲಿ ಇನ್ನೂ ಹೇಳಿಲ್ಲ."

ತಮ್ಮ ಕೋಲು ತಂದದ್ದು, ತಾನು ಅದರ ಒಳಗನ್ನು ಕೊರೆದದ್ದು, ಅವಳು ಒಂದನ್ನೂ ಮುಚ್ಚಿಡದೆ ಹೇಳಿಬಿಟ್ಟಳು. ಅವರು ಬೈಯಲಿಲ್ಲ. ಮೇಜಿನ ಮೇಲಿದ್ದ ಸುತ್ತಿಗೆ ಎತ್ತಿ ತೂಗಿ ನೋಡಿದರು, ಆಮೇಲೆ ಒಂದು ಮೊಳೆ, ಮತ್ತೆ ಸುತ್ತಿಗೆ. "ಗೊತ್ತಾಗುತ್ತೆ," ಎಂದು ಕುರ್ಚಿಯಲ್ಲಿ ಕುಸಿದು ಕೂತು ಕಣ್ಣೊರೆಸಿಕೊಂಡರು.

ಕೊರೆದ ಮರ ಮರಳಿ ಬರುವುದಿಲ್ಲ. ಆ ಟೊಳ್ಳಿಗೆ ಹಿತ್ತಾಳೆ ಸರಳು ತುಂಬಿ, ಬೋಲ್ಟುಗಳನ್ನು ಕೂರಿಸಿ ಕೊಟ್ಟಳು. ತೂಕ ಸರಿಯಿದೆ, ಆದರೆ ಮೊದಲಿದ್ದ ಜಾಗದಲ್ಲಿಲ್ಲ ಎಂದರು. ಆದರೂ ತೆಗೆದುಕೊಂಡು ಹೋದರು.

ಸಂಜೆ ತಮ್ಮ ಬಂದ. ಕೇಳಿದ್ದಕ್ಕೆ ತಡವರಿಸಲೂ ಇಲ್ಲ.

"ಹೇಗೂ ಕೈ ನಡುಗುತ್ತಲ್ಲ ಅಕ್ಕ. ಕೈಯನ್ನೇ ಬೈಕೊಂಡು ಸುಮ್ಮನಾಗ್ತಾರೆ ಅಂದ್ಕೊಂಡೆ."

ಹಾಗೆಂದು ಹಲ್ಲು ಕಿರಿದ. ಅವಳ ತಟ್ಟೆಯಿಂದ ಬ್ರೆಡ್ಡಿನ ಚೂರೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡ. ಎತ್ತಿ ಆಡಿಸಿದ ಮಗು ಇದೇನಾ ಅನ್ನಿಸಿ ಅವಳಿಗೆ ಹೇಸಿಗೆಯಾಯಿತು. ಅದಕ್ಕಿಂತ ಹೆಚ್ಚು ಹೇಸಿಗೆ ಹುಟ್ಟಿದ್ದು, ಕೇಳದೆ ನೋಡದೆ ಕೊರೆದುಕೊಟ್ಟ ತನ್ನ ಕೈಗಳ ಮೇಲೆ. ತಟ್ಟೆಯನ್ನು ಪೂರ್ತಿ ಅವನ ಮುಂದೆ ತಳ್ಳಿದಳು.

"ಕ್ಲಬ್ಬಿನಲ್ಲಿ ನೀನು ಹೇಳ್ತೀಯೋ, ನಾನು ಹೇಳ್ಲೋ?"

ಅವನು ಹೇಳಲಿಲ್ಲ. ಮಂಗಳವಾರ ಅವಳೇ ಹೋಗಿ, ತನ್ನ ಪಾಲಿನ ತಪ್ಪನ್ನೂ ಸೇರಿಸಿ ಹೇಳಿ ಬಂದಳು. ಕಪ್ ವಾಪಸ್ಸಾಯಿತು, ಅವನನ್ನು ಹೊರಗೆ ಹಾಕಿದರು. ಕೆಲವು ಗಿರಾಕಿಗಳು ಅವಳ ಕಡೆಗೂ ಬರುವುದನ್ನು ಬಿಟ್ಟರು.

ವಾರದ ಕೊನೆಗೆ ಅಮ್ಮ ಫೋನ್ ಮಾಡಿ ಅತ್ತರು. ಸ್ವಂತ ತಮ್ಮನ ಮಾನ ತೆಗೆದೆಯಲ್ಲ, ಒಂದು ಸಲ ಹೊಟ್ಟೆಗೆ ಹಾಕ್ಕೊಳ್ಳೋಕೆ ಆಗ್ತಿರಲಿಲ್ವಾ ಎಂದರು.

"ಹಾಕ್ಕೊಂಡು ನೋಡಿದೆ ಅಮ್ಮ," ಎಂದಳು ಕೋಲಕ್ಕ. "ವಾಂತಿ ಬರುತ್ತೆ."