ಗೆರೆಯವರೆಗೆ ತುಂಬಿದ ಸೀಸೆ

ಹಾಲಿನ ಡೇರಿಯಲ್ಲಿ ಮೂವತ್ತೊಂದು ವರ್ಷದಿಂದ ಹಾಲು ಪರೀಕ್ಷೆ ಮಾಡುತ್ತಿದ್ದವನಿಗೆ ಊರವರು ಲ್ಯಾಕ್ಟೋಮೀಟರ್ ಎಂದೇ ಹೆಸರಿಟ್ಟಿದ್ದರು. ಕ್ಯಾನಿನ ಮುಚ್ಚಳ ತೆಗೆದ ಕೂಡಲೇ ಎಷ್ಟು ನೀರು ಬೆರೆತಿದೆಯೆಂದು ಮೂಗಿನಿಂದಲೇ ಹೇಳುತ್ತಾನೆ ಎಂಬ ಪ್ರತೀತಿ ಇತ್ತು. ಹೆಣ್ಣು ಕೊಟ್ಟ ಮಾವನ ಹಾಲನ್ನೂ ಮದುವೆಯಾದ ಮರುವಾರವೇ ವಾಪಸು ಕಳಿಸಿದವನು ಅವನು.

ಅಂಥವನಿಗೆ ಮೂತ್ರದಲ್ಲಿ ರಕ್ತ ಕಾಣಿಸಿತು. ದೊಡ್ಡಾಸ್ಪತ್ರೆಯ ಡಾಕ್ಟರು ಸ್ಕ್ಯಾನ್ ನೋಡಿ, ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯುವ ನಾಳದೊಳಗೆ ಕ್ಯಾನ್ಸರ್ ಗಡ್ಡೆಯಿದೆ, ಅಲ್ಲಿ ಬರುವುದು ಅಪರೂಪ ಎಂದರು. ಇನ್ನೊಂದು ಬದಿಯ ಕಿಡ್ನಿ ಹುಟ್ಟಿನಿಂದಲೇ ಹೆಸರಿಗೆ ಮಾತ್ರ ಇತ್ತು.

"ಗಡ್ಡೆಯ ಜೀವಕೋಶಗಳು ಮೂತ್ರದಲ್ಲಿ ಉದುರಿ ಬರ್ತವೆ. ಅವುಗಳ ಜೀನಿನಲ್ಲಿ ಒಂದು ಗುರುತು ಹುಡುಕ್ತೀವಿ. ಅದಿದ್ರೆ ಗಡ್ಡೆ ಸಾಧು ಜಾತೀದು ಅನ್ಬಹುದು, ಒಳಗೇ ಸುಟ್ಟು ಕಿಡ್ನಿ ಉಳಿಸೋಕೆ ನೋಡ್ತೀವಿ. ಇಲ್ದಿದ್ರೆ ಕಿಡ್ನಿ ಸಮೇತ ತೆಗೀಬೇಕು. ಆಮೇಲೆ ವಾರಕ್ಕೆ ಮೂರು ಸಲ ಬಂದು ಯಂತ್ರದಲ್ಲಿ ರಕ್ತ ತೊಳೆಸ್ಕೋಬೇಕು."

ಬೆಳಗಿನ ಮೂತ್ರವನ್ನು ಗೆರೆಯವರೆಗೆ ತುಂಬಿ ತರಲು ಸೀಸೆ ಕೊಟ್ಟರು. ಕೊಟ್ಟುಬಂದ ನಾಲ್ಕನೆಯ ದಿನ ಲ್ಯಾಬಿನವಳು ಗಂಡಹೆಂಡಿರನ್ನು ಕರೆಸಿದಳು.

"ಯಜಮಾನ್ರೇ, ಇದಕ್ಕೆ ನೀರು ಸೇರಿದೆ. ಮತ್ತೆ ಕೊಡ್ಬೇಕು."

ಲ್ಯಾಕ್ಟೋಮೀಟರನ ಕಿವಿ ಕೆಂಪಾಯಿತು. "ಏನಮ್ಮಾ, ನೀನು ತೊಟ್ಟಿಲಲ್ಲಿದ್ದಾಗ್ಲೇ ನಾನು ಸ್ಯಾಂಪಲ್ ತೆಗೀತಿದ್ದೆ. ಮೊದಲು ನಿನ್ನ ಯಂತ್ರ ನೋಡ್ಕೋ."

"ಎರಡು ಸಲ ನೋಡ್ಕೊಂಡೆ."

ಪಕ್ಕದಲ್ಲಿ ಹೆಂಡತಿ ಫ್ಯಾನು ನೋಡುತ್ತಿದ್ದಳು. ನೀರು ಬೆರೆಸಿದವರು ಮೇಲೆಯೇ ನೋಡುತ್ತಾರೆಂಬುದು ಅವನ ಅನುಭವ.

"ನೀನೇನಾದ್ರೂ..."

"ಗೆರೆಗೆ ಒಂದು ಬೆರಳು ಕಡಿಮೆಯಿತ್ತು. ಅರೆಬರೆ ಬಾಟ್ಲಿ ಹಿಡ್ಕೊಂಡು ಇಷ್ಟು ದೊಡ್ಡ ಆಸ್ಪತ್ರೆಗೆ ಬರೋಕಾಗುತ್ತಾ? ಕುದಿಸಿ ಆರಿಸಿದ ನೀರೇ ಹಾಕಿದ್ದು."

"ನಿಮ್ಮಪ್ಪಾನೂ ಆವತ್ತು ಇದನ್ನೇ ಹೇಳಿದ್ದು."

"ಅಪ್ಪ ಹಾಕಿದ್ದು ಬಾವಿ ನೀರು. ಇಲ್ಲದ್ದು ಹೇಳ್ಬೇಡಿ."

ಲ್ಯಾಬಿನವಳು ತಲೆ ತಗ್ಗಿಸಿ ಪುಸ್ತಕದಲ್ಲಿ ಏನೋ ಬರೆಯತೊಡಗಿದಳು.

ಎರಡನೆಯ ಸೀಸೆಯನ್ನು ಅವನೇ ತುಂಬಿ, ಮುಚ್ಚಳಕ್ಕೆ ಅಂಟುಪಟ್ಟಿ ಸುತ್ತಿ, ಅದರ ಮೇಲೆ ಸಹಿ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದ. ಅದೂ ಗೆರೆಗೆ ಅರ್ಧ ಬೆರಳು ಕಡಿಮೆಯೇ. ಹೆಂಡತಿ ದಾರಿಯುದ್ದಕ್ಕೂ ಆ ಅರ್ಧ ಬೆರಳನ್ನೇ ನೋಡಿದಳು.

ಹದಿನೆಂಟು ದಿನ ಕಾಯಬೇಕಾಯಿತು. ಅಷ್ಟೂ ದಿನ ಡೇರಿಯಲ್ಲಿ ಅವನು ಒಬ್ಬರ ಹಾಲನ್ನೂ ವಾಪಸು ಕಳಿಸಲಿಲ್ಲ. ಊರವರಿಗೆ ಇದು ಮೂರನೆಯ ದಿನವೇ ತಿಳಿದು, ಬಾವಿಗಳಿಗೆ ಕೆಲಸ ಹೆಚ್ಚಿತು.

ಹತ್ತೊಂಬತ್ತನೆಯ ದಿನ ಡಾಕ್ಟರು ಕಾಗದ ಬಿಡಿಸಿ, "ಗುರುತು ಸಿಕ್ತು. ಕಿಡ್ನಿ ಉಳಿಸೋಕೆ ನೋಡೋಣ," ಎಂದರು.

ಹೆಂಡತಿಯೇ ಕೇಳಿದಳು, "ಯಾವತ್ತು ಮಾಡ್ತೀರಿ?"

"ಗುರುವಾರ."

"ಗುರುವಾರ ಹಸು ಈಯೋ ಹಾಗಿದೆ ಡಾಕ್ಟ್ರೇ. ಶನಿವಾರ ಇಟ್ಕೊಳ್ಳಿ."

"ಹಸು ಅದರ ಪಾಡಿಗೆ ಅದು ಈಯುತ್ತೆ ಕಣೇ," ಎಂದ ಲ್ಯಾಕ್ಟೋಮೀಟರ್. "ಗುರುವಾರಾನೇ ಆಗ್ಲಿ."