ಮಾವನ ಕಂಪನಿಯ ಮೂರು ಚಕ್ರ

ಒಂದು ಕಾಲದಲ್ಲಿ ‘ಬಿರುಗಾಳಿ’ ಎಂದೇ ಹೆಸರಾಗಿದ್ದ ಮುದುಕರು ರೇಸಿನಲ್ಲಿ ಒಮ್ಮೆಯೂ ಬಿದ್ದವರಲ್ಲ. ಬಿದ್ದದ್ದು ಹೋದ ತಿಂಗಳು, ಸಿಗ್ನಲ್ಲಿನಲ್ಲಿ, ಅದೂ ಬೈಕು ನಿಂತಿದ್ದಾಗ. ಕಾಲು ಊರುವ ಹೊತ್ತಿಗೆ ಸರಿಯಾಗಿ ಆಪರೇಷನ್ ಆದ ಮಂಡಿ ಕೈಕೊಟ್ಟಿತು. ತರಕಾರಿ ಅಂಗಡಿಯ ಮುಂದೆ ಬೈಕು, ಅವರು, ಹಿಂದೆ ಕೂತಿದ್ದ ಹೆಂಡತಿ, ಮೂವರೂ ನಿಧಾನಕ್ಕೆ ಮಲಗಿಕೊಂಡರು. ಹೆಂಡತಿ ಎದ್ದು ಬಟ್ಟೆ ಕೊಡವಿಕೊಂಡವರೇ ತೀರ್ಪು ಕೊಟ್ಟರು: “ಇನ್ಮೇಲೆ ಮೂರು ಚಕ್ರದ್ದು. ಇಲ್ಲಾಂದ್ರೆ ಬಸ್ಸು.”

ಬಸ್ಸೆಂದರೆ ಮುದುಕರಿಗೆ ಜೀವ ಹೋದ ಹಾಗೆ. ಹದಿನಾರನೇ ವಯಸ್ಸಿನಿಂದ ಹ್ಯಾಂಡಲ್ ಹಿಡಿದ ಕೈ ಈಗ ಕಂಬಿ ಹಿಡಿದು ಜೋತಾಡಬೇಕೇ? ಆದರೆ ಗ್ರಹಚಾರ ನೋಡಿ, ಊರಲ್ಲಿ ಸಿಗುತ್ತಿದ್ದ ಮೂರು ಚಕ್ರದ ಸ್ಕೂಟರು ಒಂದೇ, ಅದನ್ನು ಮಾಡಿದ್ದು ಮಾವನ ಕಂಪನಿ! ಮಾವ ಎಂದರೆ ಹೆಂಡತಿಯ ಅಪ್ಪ, ಆ ಕಂಪನಿಯ ರೇಸ್ ತಂಡದ ಹೆಡ್ ಮೆಕ್ಯಾನಿಕ್. ಇವರು ಓಡಿಸುತ್ತಿದ್ದುದು ಎದುರಾಳಿ ಕಂಪನಿಯ ಬೈಕು. ಕೊನೆಯ ದೊಡ್ಡ ರೇಸಿನಲ್ಲಿ ಮಾವನ ಕಡೆಯವರು ಇವರನ್ನು ನಾಲ್ಕೇ ಬೆರಳಿನ ಅಂತರದಲ್ಲಿ ಸೋಲಿಸಿದ್ದರು. “ಸ್ಪಾರ್ಕ್ ಪ್ಲಗ್ ಕೆಟ್ಟಿತ್ತು” ಎಂದು ಇವರು ಐವತ್ತು ವರ್ಷಗಳಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದರು. “ನಿಮ್ಮ ಕಂಪನಿ ಸೀಟಿನ ಮೇಲೆ ನನ್ನ ಹೆಣಾನೂ ಕೂರಲ್ಲ” ಎಂದು ಮಾವನ ಮುಖಕ್ಕೇ ಅಂದಿದ್ದೂ ಉಂಟು.

ಆ ಮಾತಾಡಿದ ಮನುಷ್ಯ ಈಗ ಬದುಕಿರುವಾಗಲೇ ಆ ಕಂಪನಿಯ ಶೋರೂಮಿನಲ್ಲಿ, ಕೆಂಪು ಸ್ಕೂಟರಿನ ಮುಂದೆ, ಕೈಕಟ್ಟಿ ನಿಂತಿದ್ದರು.

“ಸುಮ್ನೆ ಮೂರು ಚಕ್ರ ಅಂದ್ಕೋಬೇಡಿ ಸಾರ್,” ಎಂದ ಸೇಲ್ಸ್‌ಮನ್. “ಮುಂದೆ ಎರಡು, ಹಿಂದೆ ಒಂದು. ತಿರುವಲ್ಲಿ ರೇಸ್ ಬೈಕ್ ಥರಾನೇ ವಾಲುತ್ತೆ. ನಿಲ್ಲಿಸಿದಾಗ ಈ ಬಟನ್ ಒತ್ತಿಬಿಡಿ, ಕಾಲು ಊರೋದೇ ಬೇಡ. ನಮ್ಮ ಮನೆತನವೇ ರೇಸಿಂದು ಸಾರ್. ಅಲ್ನೋಡಿ!”

ಗೋಡೆಯ ಮೇಲೆ ಆಳೆತ್ತರದ ಕಪ್ಪು-ಬಿಳುಪು ಫೋಟೋ. ಮುದುಕರಿಗೆ ಕಂಡೊಡನೆ ಗುರುತು ಸಿಕ್ಕಿತು. ಅದೇ ರೇಸು!

“ಒಂದು ಮೊಳ ಮುಂದಿದ್ರು ನಮ್ಮೋರು.”

“ನಾಲ್ಕು ಬೆರಳು,” ಎಂದರು ಮುದುಕರು ಹಲ್ಲು ಕಚ್ಚಿಕೊಂಡು.

“ಹಿಂದಿದ್ದಾನಲ್ಲ ಈ ಪುಣ್ಯಾತ್ಮ, ಗೆಲ್ಲೋ ರೇಸನ್ನ ಕೈಯಾರೆ ಕಳ್ಕೊಂಡ ಸಾರ್. ಗೆರೆ ಹತ್ರ ಬಂದಾಗ ಯಾರಾದ್ರೂ ಪಕ್ಕಕ್ಕೆ ನೋಡ್ತಾರಾ?”

ಹೆಂಡತಿ ಕನ್ನಡಕ ಏರಿಸಿ ಫೋಟೋದ ಹತ್ತಿರ ಹೋದರು. ಹಿಂದಿನ ಸವಾರನ ಕಣ್ಣು ಹೋದ ಕಡೆಗೇ ಬೆರಳು ಸರಿಸಿದರು. ಟ್ರ್ಯಾಕಿನ ಅಂಚಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು, ಇದು ಎಷ್ಟನೇ ಸುತ್ತು ಎಂದು ಸವಾರರಿಗೆ ತೋರಿಸುವ ಬೋರ್ಡು ಹಿಡಿದು ನಿಂತಿದ್ದಳು. ಅಪ್ಪನ ತಂಡದ ಬೋರ್ಡು. ಜಡೆ ತಮ್ಮದೇ.

“ರೀ, ಪ್ಲಗ್ ಕೆಟ್ಟಿತ್ತು ಅಂದ್ರಿ?”

ಮುದುಕರ ಕಿವಿ ಕೆಂಪಾಯಿತು. “ಪ್ಲಗ್ಗೂ ಕೆಟ್ಟಿತ್ತು.”

“ಬೈಕಿನ ಸದ್ದು ಸರಿಯಾಗೇ ಇತ್ತು, ಇವನು ಸೋತಿದ್ದು ಹ್ಯಾಗೆ ಅಂತ ಅಪ್ಪ ಸಾಯೋತನಕ ತಲೆ ಕೆಡಿಸ್ಕೊಂಡಿದ್ರು. ಆವಾಗ ನನ್ನ ಹೆಸರೂ ನಿಮಗೆ ಗೊತ್ತಿರಲಿಲ್ವಲ್ರೀ!” ಅವರ ದನಿ ನಡುಗುತ್ತಿತ್ತು, ನಗುವೋ ಅಳುವೋ ಹೇಳಲು ಬರುವಂತಿರಲಿಲ್ಲ.

“ಲೇ, ಕೀ ಕೊಡಪ್ಪಾ, ಒಂದು ಸುತ್ತು ಓಡಿಸಿ ನೋಡ್ತೀನಿ!” ಎಂದು ಸೇಲ್ಸ್‌ಮನ್ನಿಗೆ ಗದರಿ, ತಪ್ಪಿಸಿಕೊಳ್ಳಲು ಬೇರೆ ಜಾಗವಿಲ್ಲದೆ, ಬಿರುಗಾಳಿ ಶತ್ರುವಿನ ಸೀಟಿನ ಮೇಲೆ ಕೂತರು. ಹೆಂಡತಿ ಹಿಂದೆ ಹತ್ತಿದರು.

ಮೊದಲ ತಿರುವಿನಲ್ಲಿ ಗಾಡಿ ವಾಲಿತು. ಹಳೆಯ ಮೈಗೆ ಹಳೆಯದೆಲ್ಲ ನೆನಪಾಯಿತು. “ಅಬ್ಬಬ್ಬಾ, ಮಾವ ಗಟ್ಟಿಗ ಕಣೇ!” ಎಂದು ಮಾವನನ್ನು ಐವತ್ತು ವರ್ಷದಲ್ಲಿ ಮೊದಲ ಸಲ ಹೊಗಳಿದರು. ಅಷ್ಟರಲ್ಲಿ ಬಂತು ಅದೇ ಸಿಗ್ನಲ್ಲು, ಅದೇ ತರಕಾರಿ ಅಂಗಡಿ. ಅಂಗಡಿಯವನು ಈರುಳ್ಳಿ ಬುಟ್ಟಿಯನ್ನು ಹುಷಾರಾಗಿ ಒಳಗೆಳೆದುಕೊಂಡ. ಮುದುಕರು ಉಸಿರು ಹಿಡಿದು ಬಟನ್ ಒತ್ತಿದರು.

ಗಾಡಿ ಅಲುಗಲಿಲ್ಲ. ಎರಡೂ ಪಾದ ಮೇಲೇ ಇದ್ದವು. ನಿಜವಾಗಿಯೂ ಬೀಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅವರು ಪೂರ್ತಿ ಹಿಂದಕ್ಕೆ ತಿರುಗಿ, ಹೆಂಡತಿಯ ಮುಖ ನೋಡಿದರು.

“ಮುಂದೆ ನೋಡ್ರೀ!”

“ಬೀಳಲ್ಲ ಬಿಡೇ. ನಿಮ್ಮಪ್ಪನ ಕಂಪನಿ ಗಾಡಿ.”

ಸಿಗ್ನಲ್ಲು ಹಸಿರಾಯಿತು. ಕಾರುಗಳು ಬೈಯುತ್ತಾ ದಾಟಿದವು. ಆಮೇಲೆ ಹಾಲಿನವನ ಸೈಕಲ್ಲೂ ಅವರನ್ನು ಹಿಂದೆ ಹಾಕಿ ಹೋಯಿತು.