ಮಗು ತಣ್ಣಗಾಗಿದೆ

ಅಳಿಯ ಔಷಧದಂಗಡಿಗೆ ನುಗ್ಗಿ ಬಂದಾಗ ಸೂಲಗಿತ್ತಿ ಕಂಬದ ಮರೆಯಲ್ಲಿ ನಿಂತಿದ್ದಳು. ಮೂರು ವರ್ಷದ ಮುನಿಸು. ಅವನನ್ನು ಕಂಡರೆ ಮುಖ ತಿರುಗಿಸುವುದು ಅವಳಿಗೆ ರೂಢಿಯಾಗಿತ್ತು. ಮಗಳು ಬಿಯರ್ ಮಾಡುವವನನ್ನು ಕಟ್ಟಿಕೊಂಡು ತಾನೂ ಆ ಕೆಲಸಕ್ಕೇ ಇಳಿದಳಲ್ಲ, ಅದಕ್ಕೆ.

"ಬೇಗ ಒಂದು ಹಾಟ್ ವಾಟರ್ ಬ್ಯಾಗ್ ಕೊಡಿ ಸಾರ್. ಮಗು ತಣ್ಣಗಾಗಿಬಿಟ್ಟಿದೆ, ನಿನ್ನೆಯಿಂದ ಮಿಸುಕಾಡ್ತಾನೇ ಇಲ್ಲ."

"ಖಾಲಿಯಾಗಿದೆಯಲ್ಲಪ್ಪಾ," ಎಂದು ಅಂಗಡಿಯವನು ನಕ್ಕ. ಅಳಿಯ ಇನ್ನೊಂದು ಅಂಗಡಿಗೆ ಓಡಿದ.

ನಗದೆ ಇನ್ನೇನು ಮಾಡಿಯಾನು? ಆ ಗಂಡಹೆಂಡತಿ ಬಿಯರ್ ಹುದುಗಿಸಲು ಹಾಕುವ ಯೀಸ್ಟನ್ನು 'ಮಗು' ಎನ್ನುವುದು ಬೀದಿಗೆಲ್ಲ ಗೊತ್ತು. ಚಮಚದಷ್ಟು ಯೀಸ್ಟಿಗೆ ಮಾಲ್ಟಿನ ಸಿಹಿನೀರು ಕುಡಿಸಿ, ಮೊದಲು ಲೋಟದಲ್ಲಿ, ಆಮೇಲೆ ಜಾಡಿಯಲ್ಲಿ, ಅಲ್ಲಿಂದ ಕ್ಯಾನಿನಲ್ಲಿ ಬೆಳೆಸಿದರೆ ತಾನೇ ಒಂದು ತೊಟ್ಟಿ ಬಿಯರಿಗೆ ಸಾಲುವುದು? ಗೊತ್ತಿಲ್ಲದವಳು ಸೂಲಗಿತ್ತಿ ಒಬ್ಬಳೇ. ಮಾತು ಬಿಟ್ಟವರಿಗೆ ಇಂಥದ್ದೆಲ್ಲ ಯಾರು ಹೇಳುತ್ತಾರೆ!

ಅವಳಿಗೆ ಹೊಳೆದದ್ದು ಒಂದೇ. ಮಗಳು ಹೆತ್ತಿದ್ದಾಳೆ. ಕಂಡವರ ಮಕ್ಕಳನ್ನೆಲ್ಲ ಕೈಯಾರೆ ಎತ್ತಿಕೊಂಡ ತಾಯಿಗೆ ಒಂದು ಮಾತು ಹೇಳಿಲ್ಲ. ಈಗ ಆ ಕೂಸು ಉಳಿಯುತ್ತದೋ ಇಲ್ಲವೋ! ಹಾಳು ಮುನಿಸಿಗೆ ಬೆಂಕಿ ಬೀಳಲಿ ಎಂದು ತನ್ನನ್ನೇ ಬೈದುಕೊಳ್ಳುತ್ತ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು.

ಮಗಳು ಅಳಿಯ ಬಿಯರ್ ಮಾಡುವುದೂ ಇರುವುದೂ ಒಂದೇ ಕಡೆ, ಹಳೇ ಗ್ಯಾರೇಜಿನಂಥ ಜಾಗ. ಸಾಲಾಗಿ ಸ್ಟೀಲಿನ ತೊಟ್ಟಿಗಳು, ಒದ್ದೆ ನೆಲ. ಮಗಳು ಮೇಜಿನ ಮುಂದೆ ತಲೆ ಹಿಡಿದುಕೊಂಡು ಕೂತಿದ್ದಳು.

"ಎಲ್ಲೇ ಮಗು?"

ಅಮ್ಮನನ್ನು ಕಂಡು ಬೆಪ್ಪಾದ ಮಗಳು ಮೇಜಿನತ್ತ ಬೆರಳು ತೋರಿಸಿದಳು. ಅಲ್ಲೊಂದು ಗಾಜಿನ ಜಾಡಿ, ಅದರಲ್ಲಿ ಕಂದು ಬಣ್ಣದ ಕದಡಿದ ನೀರು.

"ಇದಾ?"

"ಇದೇ ಅಮ್ಮಾ, ಯೀಸ್ಟು. ಕಿಟಕಿ ಹಾಕೋದು ಮರೆತ್ವಿ, ಚಳಿಗೆ ಮಲಗಿಬಿಟ್ಟಿದೆ. ಇದು ಏಳದಿದ್ರೆ ಬೇರೆ ಇಲ್ಲ."

ಸೂಲಗಿತ್ತಿ ಮಾಲ್ಟಿನ ಮೂಟೆಯ ಮೇಲೆ ಕುಸಿದು ಕೂತಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎದ್ದು ಹೋಗಬಹುದಿತ್ತು. ಆದರೆ ಕೈ ಕೇಳಬೇಕಲ್ಲ! ಅಂಗೈಯ ಹಿಂಬದಿಯಿಂದ ಜಾಡಿ ಮುಟ್ಟಿ ನೋಡಿದಳು. "ಥೂ, ಎಷ್ಟು ತಣ್ಣಗಿದೆ," ಎಂದು ಶಾಲು ಸುತ್ತಿ ಹೊಟ್ಟೆಗೆ ಒತ್ತಿಕೊಂಡಳು.

ಅಳಿಯ ಬರಿಗೈಯಲ್ಲಿ ಬಂದವನು ಬಾಗಿಲಲ್ಲೇ ನಿಂತ. "ಆಗಾಗ ಅಲ್ಲಾಡಿಸ್ತಿರಿ ಅತ್ತೆ," ಎಂದ ಮೆಲ್ಲಗೆ.

"ಮಗು ಹಿಡಿಯೋದು ನನಗೆ ಹೇಳಿಕೊಡ್ತೀರಾ?"

ಹಾಗಂದರೂ ಅಲ್ಲಾಡಿಸಿದಳು. ಸಂಜೆಯವರೆಗೆ ಅಲ್ಲಾಡಿಸಿದಳು. ಆಗ ಜಾಡಿಯ ಅಂಚಿನಲ್ಲಿ ಒಂದೊಂದೇ ಗುಳ್ಳೆ ಎದ್ದು, ಬೆಳ್ಳಗೆ ನೊರೆ ಕಟ್ಟಿತು. ಮೂವರೂ ಬಗ್ಗಿ ನೋಡಿದರು.

"ಉಸಿರಾಡ್ತು!" ಎಂದವಳೇ ಸೂಲಗಿತ್ತಿ ಬಿಕ್ಕಿದಳು. "ನಂಗೆ ಹೇಳದೇನೇ ಹೆತ್ಬಿಟ್ಟೆ ಅಂದ್ಕೊಂಡೆ ಕಣೇ. ನನ್ನ ಅರ್ಧ ಜೀವ ಹೋಯ್ತು."

ಮಗಳು ಅವಳ ಮಂಡಿಯ ಮೇಲೆ ಕೈಯಿಟ್ಟಳು. "ನೀನು ಪಕ್ಕದಲ್ಲಿಲ್ದೆ ಹೆರೋಕೆ ನಂಗೆ ಭಯ ಅಮ್ಮಾ. ಅದಕ್ಕೇ ಇಷ್ಟು ವರ್ಷ ಬೇಡ ಬೇಡ ಅಂತ ಮುಂದೂಡ್ಕೊಂಡು ಬಂದ್ವಿ."

ಸೂಲಗಿತ್ತಿ ಜಾಡಿಯನ್ನು ಅಳಿಯನತ್ತ ಚಾಚಿದಳು. "ಸ್ವಲ್ಪ ಇದನ್ನ ಹಿಡ್ಕೊಳಿ," ಎಂದು ಅವನ ಕೈಗಿಟ್ಟು, ಎರಡೂ ಕೈಯಿಂದ ಮಗಳನ್ನು ಎಳೆದು ಎದೆಗೆ ಅವಚಿಕೊಂಡಳು.